ನ್ಯೂಟ್ರಲ್ ದಪ್ಪ

ಶವದ ಐಸ್ ಪೆಟ್ಟಿಗೆಗೆ ಕರೆಂಟು ನಿಂತುಹೋದಾಗ ಶಾಮಿಯಾನದ ಕೆಳಗೆ ಕೂತಿದ್ದ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದನ್ನು ಸರಿಮಾಡಬೇಕಾದವನು ಪೆಟ್ಟಿಗೆಯ ಒಳಗೆ ಮಲಗಿದ್ದ.

ಕರುಮತ್ತಂಪಟ್ಟಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ, ಯಾರ ಮಗ್ಗದ ಮೋಟಾರು ಕೆಟ್ಟರೂ ಮೊದಲು ಕೂಗುತ್ತಿದ್ದುದು ಅವನನ್ನೇ. ಆ ರೂಢಿಯಲ್ಲಿ ಎದುರುಮನೆಯ ಮುದುಕರೊಬ್ಬರು ‘ಅವನಿಗೆ ಒಂದು ಫೋನ್ ಹಾಕ್ರಪ್ಪ’ ಎಂದು ತಮಿಳಿನಲ್ಲಿ ಹೇಳಿಯೇಬಿಟ್ಟರು. ಹೇಳಿದ ಮೇಲೆ ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದರು. ನಾವು ಕೆಲವರು ನಗು ತಡೆಯಲಾಗದೆ, ಯಾರನ್ನೋ ಎದುರುಗೊಳ್ಳಲು ಹೋಗುವವರ ಹಾಗೆ ಬೀದಿಯ ಕೊನೆಯವರೆಗೆ ನಡೆದು ಬಂದೆವು.

ಪೆಟ್ಟಿಗೆಯ ಜೊತೆ ಬಂದಿದ್ದವನು ಗೋಡೆಯ ಪ್ಲಗ್ಗನ್ನು ಅಲ್ಲಾಡಿಸಿ ನೋಡಿದ. ಅದು ಬಿದ್ದುಹೋಗಲಿರುವ ಹಲ್ಲಿನಂತೆ ಆಡುತ್ತಿತ್ತು. ‘ಇದು ವಯರ್‌ಮನ್ ಮನೆ ತಾನೆ?’ ಎಂದ. ಸತ್ತವನ ಹೆಂಡತಿ ಅಳು ನಿಲ್ಲಿಸಿ ಕಣ್ಣೊರೆಸಿಕೊಂಡಳು.

‘ದೀಪಾವಳಿಯಿಂದ ಹೇಳ್ತಾ ಇದ್ದೆ, ಆ ಪ್ಲಗ್ಗು ಕೊಂಜ ನೋಡು, ಒಂಚೂರು ನೋಡು ಅಂತ. ಊರೋರ್ದೆಲ್ಲ ನೋಡ್ದ, ಇದೊಂದು ನೋಡ್ಲಿಲ್ಲ. ಈಗ ಅವನಿಗೇ ಬೇಕಾಯ್ತು.’

ಹೇಳಿ ಮತ್ತೆ ಅಳು ಮುಂದುವರಿಸಿದಳು.

ಅವನು ನನ್ನ ಷಡ್ಡಕ. ಅಕ್ಕತಂಗಿಯರನ್ನು ಮದುವೆಯಾಗಿ ಒಂದೇ ಅತ್ತೆಯ ಕೈಯಡುಗೆ ಹಂಚಿಕೊಂಡವರು ನಾವು. ಅವನು ಹಿರಿಯ ಅಳಿಯ, ನಾನು ಎರಡನೆಯವನು, ನನ್ನ ಕೆಳಗೆ ಇನ್ನೊಬ್ಬ. ಎದುರಿಗೆ ‘ಬನ್ನಿ ಅಣ್ಣಾ’ ಎನ್ನುತ್ತಿದ್ದೆ. ಬರೆಯುವಾಗ ‘ಅವರು’ ಎಂದರೆ ಬೇರೆ ಯಾರೋ ದೊಡ್ಡ ಮನುಷ್ಯರ ವಿಷಯ ಎನ್ನಿಸುತ್ತದೆ. ಹೆಸರು ಹಾಕಬೇಡ ಎಂದು ಅವನ ಹೆಂಡತಿ ಹೇಳಿದ್ದಾಳೆ. ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಹೆಸರು ಹಾಕಿದರೂ ನಮ್ಮ ಮನೆಗಳಲ್ಲಿ ಓದುವವರಿಲ್ಲ. ಇಲ್ಲಿ ಕನ್ನಡವೇನಿದ್ದರೂ ಅಡುಗೆಮನೆಯಿಂದ ಜಗಲಿಯವರೆಗೆ. ಜಗಲಿ ಇಳಿದರೆ ಮಾತು ತಮಿಳು, ಅಕ್ಷರವಂತೂ ಎಲ್ಲಿದ್ದರೂ ತಮಿಳೇ. ನಾನು ಗಡಿಯ ತಾಳವಾಡಿಯವನು, ಹತ್ತನೆಯ ತನಕ ಕನ್ನಡ ಶಾಲೆಯಲ್ಲಿ ಓದಿದೆ. ಹಾಗಾಗಿ ಅವನು ನನ್ನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ, ತಾಳವಾಡಿ ಎಂದೇ ಕರೆದ. ಕನ್ನಡ ಪೇಪರು ಹಿಡಿದು ಕೂತರೆ ಭುಜದ ಹಿಂದಿನಿಂದ ಬಗ್ಗಿ ದುಂಡು ದುಂಡು ಅಕ್ಷರ ನೋಡಿ, ‘ಏನ್ ತಾಳವಾಡಿ, ಜಾಂಗಿರಿ ಎಣಿಸ್ತಿದೀಯಾ?’ ಎನ್ನುತ್ತಿದ್ದ. ಅವನ ನೆರಳು ಬಿದ್ದರೆ ಅಕ್ಷರ ಕಾಣುವುದಿಲ್ಲವೆಂದು ನಾನು ಪೇಪರನ್ನು ಓರೆಯಾಗಿ ಹಿಡಿಯುವುದು ಕಲಿತೆ. ಈಗಲೂ ಹಾಗೆಯೇ ಹಿಡಿಯುತ್ತೇನೆ.

ಅವನು ಸತ್ತ ಸ್ವಲ್ಪ ದಿನಕ್ಕೆ ಅವನ ಕೆಲಸದ ಮೇಲೆ ಒಂದು ಮಾತು ಬಂತು. ಅವನು ಹಾಕಿದ ನ್ಯೂಟ್ರಲ್ ತಪ್ಪು, ಅದರಿಂದ ಒಂದು ಮನೆಯ ಟೀವಿ, ಫ್ರಿಜ್ಜು ಸುಟ್ಟುಹೋದವು ಎಂದು. ಬೇರೆ ಯಾವ ಮಾತು ಬಂದಿದ್ದರೂ ನಾನು ತಲೆಯಾಡಿಸಿ ಸುಮ್ಮನಿರುತ್ತಿದ್ದೆ. ಹೇಳಿದ ಹೊತ್ತಿಗೆ ಬಂದವನಲ್ಲ. ಬೆಳಗಿನ ಹತ್ತು ಗಂಟೆಗೆ ಬರುತ್ತೇನೆ ಎಂದರೆ ಯಾವ ದಿನದ ಹತ್ತು ಗಂಟೆ ಎಂದು ಕೇಳಿಕೊಳ್ಳಬೇಕಿತ್ತು. ಫೋನಿನಲ್ಲಿ ‘ಸೋಮನೂರು ದಾಟಿದೆ’ ಎಂದರೆ ಇನ್ನೂ ಲುಂಗಿಯಲ್ಲಿದ್ದಾನೆ ಎಂದು ಅರ್ಥ. ಕರೆಂಟಿಗೂ ತನಗೂ ಪರಿಚಯವಿದೆ, ಅದು ತನ್ನನ್ನು ಹೊಡೆಯುವುದಿಲ್ಲ ಎಂದು ಹೇಳುತ್ತ ಏಣಿಯಿಂದ ಕೆಳಗೆ ಬಿದ್ದದ್ದನ್ನು ನಾನೇ ನೋಡಿದ್ದೇನೆ. ಬಿದ್ದ ಮೇಲೆ, ‘ಹೊಡೀಲಿಲ್ಲ, ತಳ್ಳಿತು’ ಎಂದ. ಇದೆಲ್ಲ ನಿಜ. ಆದರೆ ನ್ಯೂಟ್ರಲ್ ವಿಷಯದಲ್ಲಿ ಅವನು ಹುಚ್ಚ.

ಆ ಹುಚ್ಚು ಹಿಡಿದದ್ದು ನಮ್ಮ ಮಾವನ ಮನೆಯಲ್ಲಿ. ಮಾವ ಮಹಡಿ ಕಟ್ಟಿಸಿ ಮನೆಗೆ ಮೂರು ಫೇಸ್ ಕರೆಂಟು ತರಿಸಿದಾಗ ವಯರಿಂಗ್ ಮಾಡಿದವನು ಹೊಸ ಅಳಿಯನಾಗಿದ್ದ ಇವನೇ. ಮೂರು ಫೇಸ್ ಬರುವ ಮನೆಗೆ ನಾಲ್ಕು ವಯರು ಬರುತ್ತವೆ. ಕೆಂಪು, ಹಳದಿ, ನೀಲಿ ಕರೆಂಟು ತರುತ್ತವೆ. ಕಪ್ಪು ನ್ಯೂಟ್ರಲ್, ಅದು ವಾಪಸು ಹೋಗುವ ದಾರಿ. ಬಣ್ಣದ ಮೂರನ್ನೂ ದಪ್ಪನೆಯದಾಗಿ ಎಳೆದು, ಕಪ್ಪಿಗೆ ಮಾತ್ರ ಚೀಲದಲ್ಲಿ ಉಳಿದಿದ್ದ ಸಣ್ಣ ವಯರು ಹಾಕಿದ. ಮಾವ ಕೇಳಿದ್ದಕ್ಕೆ, ‘ಅದರಲ್ಲಿ ಏನ್ ಹೋಗ್ತದೆ ಮಾಮಾ, ಖಾಲಿ ಬಸ್ಸು ಡಿಪೋಗೆ ಹೋಗೋ ದಾರಿ’ ಎಂದನಂತೆ.

ಒಂದು ಹಬ್ಬದ ಬೆಳಿಗ್ಗೆ ಖಾಲಿ ಬಸ್ಸಿನ ದಾರಿ ಉರಿದುಹೋಯಿತು. ಗ್ರೈಂಡರು, ಇಸ್ತ್ರಿ ಪೆಟ್ಟಿಗೆ, ನೀರಿನ ಹೀಟರು ಎಲ್ಲ ಒಂದೇ ಫೇಸಿನ ಮೇಲೆ ಓಡುತ್ತಿದ್ದವು. ಇದ್ದಕ್ಕಿದ್ದ ಹಾಗೆ ಹಜಾರದ ಬಲ್ಬು ಮದುವೆ ಮಂಟಪದ ದೀಪದಂತೆ ಬೆಳಗಿತು. ಫ್ಯಾನು ಹಾರಿಹೋಗುವಂತೆ ತಿರುಗಿತು. ಅತ್ತೆ ದೇವರು ಬಂತೆಂದು ಕೈ ಮುಗಿದರು. ಆಗ ಟೀವಿ ಒಂದು ಸಲ ಕೆಮ್ಮಿ ಹೊಗೆ ಬಿಟ್ಟಿತು. ಮಾವ ಬೈಯಲಿಲ್ಲ. ಟೀವಿಯನ್ನು ಎರಡು ಕೈಯಲ್ಲಿ ಎತ್ತಿ ತಂದು ಇವನ ಹಾಸಿಗೆಯ ಮೇಲೆ ಮಲಗಿಸಿ, ‘ಅಳಿಯಂದಿರೇ, ಇವತ್ತಿಂದ ಇದರ ಜೊತೆ ಮಲಗಿ’ ಎಂದರು. ಮೇಲೊಂದು ಹೊದಿಕೆಯನ್ನೂ ಹೊದಿಸಿದರು.

ಅಂದಿನಿಂದ ಅವನು ಎಲ್ಲಿ ಕೆಲಸ ಮಾಡಿದರೂ ನ್ಯೂಟ್ರಲ್ ಫೇಸಿನಷ್ಟೇ ದಪ್ಪ. ಒಂದೊಂದು ಕಡೆ ಅದಕ್ಕಿಂತಲೂ ಒಂದು ಅಳತೆ ಹೆಚ್ಚು. ಯಾಕೆ ಎಂದು ಕೇಳಿದವರಿಗೆ ಅವನದೇ ಒಂದು ಸಿದ್ಧಾಂತವಿತ್ತು. ನನಗೆ ಅದನ್ನು ಹೇಳಿದ್ದು ಅತ್ತೆ ದೋಸೆ ಹುಯ್ಯುತ್ತಿದ್ದಾಗ, ಅವರಿಗೆ ಕೇಳುವ ಹಾಗೆ.

‘ನೋಡು ತಾಳವಾಡಿ, ಮೂರು ಫೇಸು ಅಂದ್ರೆ ನಾವು ಮೂರು ಜನ ಅಳಿಯಂದ್ರು. ನ್ಯೂಟ್ರಲ್ ಅಂದ್ರೆ ಅತ್ತೆ. ಮೂರು ಜನಾನೂ ಒಂದೇ ಅಳತೆಗೆ ಕೂಗಾಡಿದ್ರೆ ಅತ್ತೆಗೆ ಒಂದು ವೇಲೇನೂ ಇಲ್ಲ, ಕೆಲಸಾನೇ ಇಲ್ಲ. ನಾನು ನಿನ್ನ ಮೇಲೆ, ನೀನು ಅವನ ಮೇಲೆ, ಅವನು ನನ್ನ ಮೇಲೆ, ಅಲ್ಲಲ್ಲಿಗೇ ತೀರ್ಕೊಳ್ತದೆ. ಇಬ್ಬರು ಸುಮ್ನಿದ್ದು ಒಬ್ಬ ಮಾತ್ರ ಕೂಗಿದ್ರೆ? ಅಷ್ಟೂ ಅತ್ತೆ ತಲೆ ಮೇಲೆ. ಈಗ ನೀನೇ ಹೇಳು, ಯಾವ ಮನೇಲಿ ಮೂರು ಜನ ಅಳಿಯಂದ್ರು ಒಂದೇ ಅಳತೆಗೆ ಕೂಗ್ತಾರೆ?’

‘ಅತ್ತೆ ಇಲ್ದೇ ಹೋದ್ರೆ ಅಣ್ಣಾ?’

‘ಆಗ ಅಳಿಯಂದ್ರು ಒಬ್ಬರಿಗೊಬ್ಬರು ನೇರವಾಗಿ ಬೀಳ್ತಾರೆ. ಬಡಪಾಯಿ ಯಾವನೋ ಅವನ ಟೀವಿ ಹೋಗ್ತದೆ.’

‘ನಾನು ಯಾವಾಗ ಹೋಗ್ತೀನಿ ಅಂತ ಇಬ್ಬರೂ ಕೂತು ಲೆಕ್ಕ ಹಾಕ್ತಿದೀರಾ?’ ಎಂದರು ಅತ್ತೆ ಒಳಗಿನಿಂದ.

‘ಇಲ್ಲ ಅತ್ತೆ. ನೀವು ದಪ್ಪ ಇರ್ಬೇಕು ಅಂತ ಹೇಳ್ತಿದ್ದೆ. ಇನ್ನೊಂದು ದೋಸೆ ನೀವೂ ತಿನ್ನಿ.’

ಅತ್ತೆ ದಪ್ಪವೇ ಇದ್ದರು. ಅವರ ಹಿರಿಯ ಮಗಳು, ಅಂದರೆ ಅಕ್ಕ, ತಾಯಿಯನ್ನೇ ಹೋಲುತ್ತಾಳೆ. ಇವನಾದರೋ ಒಣಗಿದ ಕಡ್ಡಿ. ಪಕ್ಕದಲ್ಲೇ ಇರುವ ತಿರುಪ್ಪೂರು ಲೋಕಕ್ಕೆಲ್ಲ ಬನಿಯನ್ ಹೊಲಿದು ಕಳಿಸುತ್ತದೆ, ಇವನ ಅಳತೆಯದು ಮಾತ್ರ ಸಿಗುತ್ತಿರಲಿಲ್ಲ. ಅವನ ಬನಿಯನ್ನಿನೊಳಗೆ ಇನ್ನೊಬ್ಬನಿಗೂ ಜಾಗವಿತ್ತು. ಮನೆಯಲ್ಲಿ ಅವನು ಹೆಂಡತಿಯನ್ನು ಕರೆಯುತ್ತಿದ್ದುದು ‘ದಪ್ಪಾ’ ಎಂದು. ‘ದಪ್ಪಾ, ನೀರು.’ ‘ದಪ್ಪಾ, ನನ್ನ ಟೆಸ್ಟರು ಎಲ್ಲಿ?’ ಅವಳು ಬೇಜಾರು ಮಾಡಿಕೊಂಡದ್ದು ನಾನು ನೋಡಿಲ್ಲ. ‘ಬಂದೆ ಕಡ್ಡೀ’ ಎನ್ನುತ್ತಿದ್ದಳು. ಹೊರಗಿನವರ ಮುಂದೆ ಮಾತ್ರ ಇಬ್ಬರೂ ‘ಏನುಂಗ’ ಎನ್ನುವ ಮರ್ಯಾದಸ್ಥರು.

ನನ್ನ ಕೆಲಸ ನೂಲಿನ ಗೋಡೌನಿನಲ್ಲಿ. ನೂಲಿನಲ್ಲಿ ನಂಬರು ಏರಿದಷ್ಟೂ ಎಳೆ ಸಣ್ಣ. ವಯರಿನಲ್ಲಿ ನಂಬರು ಏರಿದಷ್ಟೂ ದಪ್ಪ. ಈ ವಿಷಯಕ್ಕೆ ನಾವಿಬ್ಬರೂ ಜಗಳವಾಡಿದಷ್ಟು ಯಾವ ಆಸ್ತಿಗೂ ಆಡಿಲ್ಲ. ‘ಅರವತ್ತು ನಂಬರ್ ನೂಲು ಅಂತ ತೋರಿಸ್ತೀಯ, ಕಣ್ಣಿಗೇ ಕಾಣಲ್ಲ. ಅರವತ್ತು ಅಂದ್ರೆ ನನ್ನ ಕೈಯಷ್ಟು ದಪ್ಪ ಇರ್ಬೇಕಯ್ಯಾ’ ಎನ್ನುತ್ತಿದ್ದ. ಅವನ ಕೈಯೂ ಅರವತ್ತರ ನೂಲಿನಷ್ಟೇ ಇತ್ತು ಎಂದು ನಾನು ಹೇಳುತ್ತಿದ್ದೆ. ಆದರೂ ಎಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ನಂಬರು ಹೇಳುವುದನ್ನು ನನ್ನಿಂದ ಕಲಿತು, ವಯರಿನ ಮೇಲೆ ಪ್ರಯೋಗ ಮಾಡಿದ. ಎಲ್ಲ ಸಲವೂ ತಪ್ಪು ಹೇಳಿದ. ತಪ್ಪು ಅಳತೆ ಬರೆದ ಕಂಪನಿಯನ್ನು ಬೈದ.

ಅವನ ಇನ್ನೊಂದು ಚಾಳಿ ಗೋಡೆಯ ಮೇಲೆ ಬರೆಯುವುದು. ಕಿವಿಯ ಸಂದಿಯಲ್ಲಿ ಬಡಗಿಗಳು ಬಳಸುವ ಚಪ್ಪಟೆ ಪೆನ್ಸಿಲು ಇರುತ್ತಿತ್ತು. ಕೆಲಸ ಮುಗಿದ ಮೇಲೆ ಮೀಟರಿನ ಪಕ್ಕದಲ್ಲಿ ಯಾವ ವಯರು ಯಾವುದು, ಎಲ್ಲಿಗೆ ಹೋಗುತ್ತದೆ ಎಂದು ಬರೆದು ಬಾಣದ ಗುರುತು ಹಾಕುತ್ತಿದ್ದ. ಮಾತು ಕನ್ನಡ, ಅಕ್ಷರ ತಮಿಳು. ಅವನಿಗೆ ಬೇರೆ ಅಕ್ಷರ ಬರುತ್ತಿರಲಿಲ್ಲ, ಅದು ಸರಿ. ತಮಿಳು ಮನೆಯಲ್ಲಿ ತಮಿಳು ಮಾತನ್ನೇ ಬರೆಯಬಹುದಿತ್ತಲ್ಲ ಎಂದು ಕೇಳಿದೆ.

‘ನಾಳೆ ಇನ್ನೊಬ್ಬ ವಯರ್‌ಮನ್ ಬಂದು ಓದಿದ್ರೆ ಅವನಿಗೆ ತಿಳಿಯಬಾರ್ದು, ತಾಳವಾಡಿ. ನಮ್ಮ ವೇಲೆ ರಹಸ್ಯ ಅದು.’

ಆ ರಹಸ್ಯ ಏನೆಂದರೆ ‘ಇದು ಬಚ್ಚಲು’, ‘ಇದು ದೇವರ ಮನೆ’.

ಕೊನೆಯ ತಿಂಗಳುಗಳಲ್ಲಿ ಎದೆನೋವು ಬಂದು ಏಣಿ ಹತ್ತಬಾರದೆಂದು ಡಾಕ್ಟರು ಹೇಳಿದರು. ಮನೆಯಲ್ಲಿ ಕೂತವನು ಸೀಲಿಂಗ್ ಫ್ಯಾನನ್ನು ನೋಡುತ್ತ ಅದರ ತಪ್ಪು ಹುಡುಕುತ್ತಿದ್ದ. ಎದ್ದು ಸರಿಮಾಡಲಿಲ್ಲ. ಒಂದು ಮಧ್ಯಾಹ್ನ ಊಟ ಮುಗಿಸಿ ಮಲಗಿದವನು ಏಳಲಿಲ್ಲ. ಬದುಕಿಡೀ ತಡವಾಗಿ ಬಂದವನು ಇದೊಂದಕ್ಕೆ ಮೊದಲೇ ಹೋದ ಎಂದು ನನ್ನ ಹೆಂಡತಿ ಹೇಳಿದಳು. ಅದನ್ನು ಬೈಗುಳದಂತೆಯೇ ಹೇಳಿದಳು.

ಸುಟ್ಟ ಟೀವಿಯ ಮನೆ ಎರಡು ಬೀದಿ ಆಚೆಗೆ, ನಿವೃತ್ತ ತಮಿಳು ಮೇಷ್ಟ್ರೊಬ್ಬರದು. ಅದಕ್ಕೆ ವಯರಿಂಗ್ ಮಾಡಿದವನು ಇವನೇ. ಇವನು ಮನೆಯಲ್ಲಿ ಕೂತಿದ್ದ ದಿನಗಳಲ್ಲಿ ಮೇಷ್ಟ್ರು ಮಹಡಿಗೆ ಏಸಿ ಹಾಕಿಸಿದ್ದರು. ಇವನಿಗೆ ಆಗದು ಎಂದು ಶರವಣಂಪಟ್ಟಿಯಿಂದ ಬೇರೊಬ್ಬ ವಯರ್‌ಮನ್ನನ್ನು ಕರೆಸಿದ್ದರು. ಇವನ ಕಾರ್ಯ ಮುಗಿದ ವಾರವೇ ಅವರ ಮನೆಯ ನ್ಯೂಟ್ರಲ್ ಉರಿದು, ಕೆಳಗಿನ ಟೀವಿ, ಫ್ರಿಜ್ಜು ಹೋದವು. ಮೇಷ್ಟ್ರು ಕೆಟ್ಟವರಲ್ಲ. ಟೀ ಅಂಗಡಿಯಲ್ಲಿ ಅವರು ಹೇಳಿದ್ದು ಇಷ್ಟೇ: ‘ನ್ಯೂಟ್ರಲ್ ತಪ್ಪಾಗಿದೆ ಅಂತ ಅವನೇ ಗೋಡೆ ಮೇಲೆ ಬರೆದಿಟ್ಟಿದಾನೆ. ಪ್ರಾಮಾಣಿಕ ಮನುಷ್ಯ. ಸರಿ ಮಾಡೋಕೆ ಮಾತ್ರ ಮರೆತ.’

ಈ ಮಾತು ಟೀ ಅಂಗಡಿಯಿಂದ ಹಾಲಿನ ಡೈರಿಗೆ ಬಂತು. ಡೈರಿಯಲ್ಲಿ ಒಬ್ಬಳು ಅಕ್ಕನನ್ನೇ ಕೇಳಿದಳು, ‘ನಮ್ಮನೆ ವಯರಿಂಗೂ ನಿಮ್ಮವರದೇ ಅಲ್ವಾ, ಬೇರೆ ಯಾರಿಗಾದ್ರೂ ತೋರಿಸ್ಬೇಕಾ?’ ಅಕ್ಕ ಹಾಲು ತರಲು ಹೋಗುವುದನ್ನು ಬಿಟ್ಟಳು. ನಮ್ಮ ಮನೆಯಿಂದ ಕಳಿಸಿದ ಹಾಲು ಹಾಗೇ ಒಡೆದು ಕೂತಿರುತ್ತಿತ್ತು. ಒಂದು ಭಾನುವಾರ ನನ್ನನ್ನು ಕರೆದಳು.

‘ನೀನು ಹೋಗಿ ನೋಡ್ಕೊಂಡು ಬಾ. ತಪ್ಪಿದ್ರೆ ನನಗೆ ಹೇಳು. ತಪ್ಪಿಲ್ಲಾಂದ್ರೆ ಊರಿಗೆ ಹೇಳು.’

‘ನನಗೆ ವಯರ್ ವೇಲೆ ಏನು ಗೊತ್ತು ಅಕ್ಕ?’

‘ಅವನಿಗೆ ಏನು ಗೊತ್ತಿತ್ತು? ಮುಟ್ಟಿ ಮುಟ್ಟಿ ಕಲಿತ. ಹೋಗು.’

ಮೇಷ್ಟ್ರು ನನ್ನನ್ನು ಕಾಫಿ ಕೊಟ್ಟು ಕೂರಿಸಿದರು. ಆಮೇಲೆ ಮೀಟರಿದ್ದ ಜಗಲಿಯ ಗೋಡೆಗೆ ಕರೆದುಕೊಂಡು ಹೋಗಿ, ಪಾಠಕ್ಕೆ ಬೋರ್ಡು ತೋರಿಸುವವರ ಹಾಗೆ ಬೆರಳಿಟ್ಟರು. ಅವನದೇ ಪೆನ್ಸಿಲು, ಅವನದೇ ವಾಲಿದ ಅಕ್ಷರ. ‘ನ್ಯೂಟ್ರಲ್’ ಎಂದು ಬರೆದು, ಪಕ್ಕದಲ್ಲಿ ಇನ್ನೊಂದು ಮಾತು, ಅದರಿಂದ ಪೈಪಿನ ಕಡೆಗೆ ಒಂದು ಬಾಣ.

‘ನೀವೇ ಓದಿ.’

ತಮಿಳು ಓದುವ ಬಾಯಲ್ಲಿ ಓದಿದೆ. ನ್ಯೂಟ್ರಲ್ ತಪ್ಪ.

‘ಕೊನೆಯಲ್ಲಿ ಉಕಾರ ಬಿಟ್ಟಿದಾನೆ,’ ಎಂದರು ಮೇಷ್ಟ್ರು. ‘ತಪ್ಪು ಅನ್ನೋದನ್ನೂ ತಪ್ಪಾಗಿ ಬರೆಯೋನು ಅವನೊಬ್ಬನೇ. ಎಂಟನೇ ಕ್ಲಾಸಲ್ಲಿ ಅವನಿಗೆ ತಮಿಳು ಕಲಿಸಿದ್ದು ನಾನೇ, ಅದಕ್ಕೇ ಹೇಳ್ತೀನಿ.’

ಅಕ್ಕನಿಗೆ ಏನು ಹೇಳಲಿ ಎಂದುಕೊಳ್ಳುತ್ತ ಅದನ್ನೇ ಮತ್ತೆ ನೋಡುತ್ತ ನಿಂತೆ. ಆಗ ಭುಜದ ಹಿಂದಿನಿಂದ ಬಗ್ಗಿ ಅವನೇ ಓದಿದ ಹಾಗಾಯಿತು, ಅವನ ದನಿಯಲ್ಲಿ, ದೋಸೆಯ ವಾಸನೆಯ ಸಮೇತ. ನಾನು ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು ನಗತೊಡಗಿದೆ. ಅವನು ಸತ್ತ ಮೇಲೆ ಅಷ್ಟು ನಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನು ಬರಲು ಬಿಟ್ಟೆ.

‘ಸಾರ್, ಇದು ತಮಿಳಲ್ಲ. ದಪ್ಪ. ನಮ್ಮ ಕನ್ನಡದಲ್ಲಿ ದಪ್ಪ ಅಂದ್ರೆ ನಿಮ್ಮ ತಡಿಮನ್. ನ್ಯೂಟ್ರಲ್ ದಪ್ಪ ಹಾಕಿದೀನಿ ಅಂತ ಜಂಬ ಕೊಚ್ಚಿಕೊಂಡಿದಾನೆ.’

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ತಮಿಳಿನಲ್ಲಿ ತಕಾರಕ್ಕೂ ದಕಾರಕ್ಕೂ ಒಂದೇ ಅಕ್ಷರ. ಅದು ಅವರಿಗೆ ನಾನು ಹೇಳಬೇಕಾದ ವಿಷಯವಲ್ಲ. ‘ಮಾತಿನ ಮೊದಲಿಗೆ ಬಂದರೆ ತ ಅಂತಲೇ ಓದಬೇಕು, ಅದು ನಿಯಮ,’ ಎಂದು ಸ್ವಲ್ಪ ಹೊತ್ತು ಹಟ ಮಾಡಿದರು. ಆಮೇಲೆ ಶರವಣಂಪಟ್ಟಿಯ ವಯರ್‌ಮನ್ನಿಗೆ ಅವರೇ ಫೋನು ಮಾಡಿ, ನನಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು. ಅವನು ಒಳ್ಳೆಯ ಹುಡುಗ, ಏನೂ ಮುಚ್ಚಿಡಲಿಲ್ಲ.

‘ಸಾರ್, ಬಾಣ ಹಾಕಿ ನ್ಯೂಟ್ರಲ್ ತಪ್ಪು ಅಂತ ಬರೆದಿತ್ತು. ಹಳೇ ಕೆಲಸ ಮಾಡಿದವರೇ ಬರೆದ ಮೇಲೆ ನಾನು ಅದನ್ನ ಇಡೋಕಾಗ್ತದಾ? ಆ ವಯರು ಬಿಚ್ಚಿ, ಆ ಹೊತ್ತಿಗೆ ಕೈಯಲ್ಲಿದ್ದ ಬೇರೆ ವಯರು ಎಳೆದೆ. ಮೂರು ಫೇಸ್ ಅಲ್ವಾ ಸಾರ್, ನ್ಯೂಟ್ರಲ್ ಕೊಂಜ ಸಣ್ಣ ಇದ್ರೂ ನಡೀತದೆ.’

ಖಾಲಿ ಬಸ್ಸು ಡಿಪೋಗೆ ಹೋಗುವ ದಾರಿ. ಮಹಡಿಯ ಏಸಿ ಒಂದೇ ಫೇಸಿನ ಮೇಲೆ ಹಗಲೆಲ್ಲ ಕೂಗಿದೆ, ಉಳಿದೆರಡು ಸುಮ್ಮನಿವೆ. ಸಣಕಲು ಅತ್ತೆ ಎಷ್ಟು ದಿನ ತಾಳಿಯಾಳು?

ಮೇನ್ ಸ್ವಿಚ್ಚು ಆರಿಸಿ, ಫ್ಯೂಸ್ ಕಿತ್ತು ಮೇಷ್ಟ್ರ ಕೈಯಲ್ಲಿ ಕೊಟ್ಟು, ಪೈಪಿನ ಬಾಯಿಯ ಪೆಟ್ಟಿಗೆಯ ಮುಚ್ಚಳ ತೆಗೆದೆವು. ಹೊಸ ಕಪ್ಪು ವಯರಿನ ತುದಿ ಸುಟ್ಟು ಕರಕಾಗಿತ್ತು. ಅದರ ಹಿಂದೆ, ತುದಿಗೆ ಟೇಪು ಸುತ್ತಿಸಿಕೊಂಡು, ಅವನು ಹಾಕಿದ ಹಳೆಯ ಕಪ್ಪು ವಯರು ಮಡಚಿ ಕೂತಿತ್ತು. ಒಂದು ಗಾಯವಿಲ್ಲ. ಎರಡನ್ನೂ ಒಂದೊಂದಾಗಿ ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿ ನೋಡಿದೆ. ನೂಲಿನವನ ಬೆರಳಿಗೂ ಗೊತ್ತಾಗುವಷ್ಟು ವ್ಯತ್ಯಾಸ. ಪಕ್ಕದ ಕೆಂಪಿಗಿಂತಲೂ ಇವನ ಕಪ್ಪು ಒಂದು ಅಳತೆ ಹೆಚ್ಚೇ ಇತ್ತು.

‘ಹಾಗಾದ್ರೆ ಅವನ ವಯರು ಸರಿ,’ ಎಂದರು ಮೇಷ್ಟ್ರು.

‘ವಯರು ಸರಿ ಸಾರ್. ಕಾಗುಣಿತದಿಂದ ನಿಮ್ಮ ಟೀವಿ ಹೋಯ್ತು.’

‘ಕಲಿಸಿದವನು ನಾನು,’ ಎಂದು ಅವರು ಫ್ಯೂಸನ್ನು ಹಿಡಿದುಕೊಂಡೇ ಕೂತರು. ‘ಸಾಯಂಕಾಲ ಟೀ ಅಂಗಡಿಗೆ ಹೋಗ್ತೀನಿ. ಹೇಗೆ ಹೇಳಿದ್ನೋ ಹಾಗೇ ವಾಪಸ್ ಹೇಳ್ತೀನಿ.’

ಹೇಳಿದರು. ಸುದ್ದಿ ಮತ್ತೆ ಡೈರಿಗೆ ಬಂತು. ಶರವಣಂಪಟ್ಟಿಯ ಹುಡುಗನೇ ಬಂದು ಹಳೆಯ ವಯರನ್ನು ಮತ್ತೆ ಸೇರಿಸಿ ಹೋದ. ಆದರೆ ಅಕ್ಕನಿಗೆ ನಾನು ಆ ಭಾನುವಾರವೇ ಹೇಳಿದೆ, ಗೋಡೆಯಲ್ಲಿ ಏನಿತ್ತು, ಮೇಷ್ಟ್ರು ಹೇಗೆ ಓದಿದರು, ಎಲ್ಲ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದು, ‘ನನಗೆ ತೋರಿಸು’ ಎಂದಳು. ಗಂಡ ಹೋದ ಮೇಲೆ ಅವಳು ಬೀದಿಯಲ್ಲಿ ತಲೆಯೆತ್ತಿ ನಡೆದದ್ದು ಅವತ್ತೇ ಮೊದಲು. ಮೇಷ್ಟ್ರು ಎದ್ದು ನಿಂತು ಜಾಗ ಬಿಟ್ಟರು. ಅವಳು ಗೋಡೆಯ ಹತ್ತಿರ ಹೋಗಿ, ಪೆನ್ಸಿಲಿನ ಗೆರೆಗೆ ಬೆರಳು ತಾಗದಷ್ಟು ದೂರದಲ್ಲಿ ಹಿಡಿದು, ಎರಡು ಮಾತನ್ನೂ ನಿಧಾನವಾಗಿ ಓದಿಕೊಂಡಳು.

ಮೇಷ್ಟ್ರಿಗೆ ಸುಮ್ಮನಿರಲಾಗಲಿಲ್ಲ. ‘ತಪ್ಪು ಅಂತ ನಾನು ಓದಿದ್ದು ತಮಿಳಿನ ರೀತಿಯಮ್ಮಾ, ನಿಮ್ಮ ಭಾಷೆಯಲ್ಲಿ ಅದಕ್ಕೆ...’

‘ತಪ್ಪೆಲ್ಲಾ ಇಲ್ಲೀಂಗ ಸಾರ್,’ ತಪ್ಪೇನೂ ಇಲ್ಲವೆಂದು ಅವರಿಗೆ ತಮಿಳಿನಲ್ಲಿ ಹೇಳಿ, ಅವಳು ನನ್ನ ಕಡೆಗೆ ತಿರುಗಿ ಕನ್ನಡದಲ್ಲಿ ಮುಗಿಸಿದಳು.

‘ಇದು ನಾನು. ಆ ಕಡ್ಡಿ ನನ್ನನ್ನ ಕಂಡೋರ ಮನೆ ಗೋಡೆ ಮೇಲೆಲ್ಲ ಬರೆದಿಟ್ಟು ಹೋಗಿದಾನೆ.’